ನಗಬೇಡಿ, ಮುಂದಿನ ಸಲ ಅವನು ಹೇಳುವುದಿಲ್ಲ

ಇವತ್ತು ಬೆಳಿಗ್ಗೆ ಕಲಬುರಗಿಯ ರಿಂಗ್ ರೋಡಿನ ಒಂದು ಗ್ಯಾರೇಜಿನಲ್ಲಿ ನಡೆದದ್ದನ್ನು ನೋಡಿ ಬಂದಮೇಲೆ ಮಧ್ಯಾಹ್ನದ ಊಟವೂ ಸೇರಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಆದರೂ ಪೂರ್ತಿ ಓದಿ.

ಒಬ್ಬ ಹುಡುಗ ಬಂದಿದ್ದ. ಹೊಸದಾಗಿ ನೌಕರಿ ಸಿಕ್ಕಿದೆ, ಹಳೇ ಸಣ್ಣ ಪೆಟ್ರೋಲ್ ಕಾರು ತಗೊಂಡಿದ್ದಾನೆ. ರಜೆ ದಿನ ಮನೆ ಮುಂದೆ ತಾನೇ ಇಂಜಿನ್ ಆಯಿಲ್ ಬದಲಾಯಿಸಲು ಕೂತಿದ್ದಾನೆ. ಕೆಳಗಿನ ಬೋಲ್ಟ್ ಬಿಚ್ಚಿದ, ಆಯಿಲ್ ಇಳಿಯಿತು, ಬೋಲ್ಟ್ ಬಿಗಿದ, ಮೇಲಿನಿಂದ ಹೊಸ ಆಯಿಲ್ ಸುರಿದ. ಆದರೆ ಅವನು ಬಿಚ್ಚಿದ್ದು ಇಂಜಿನ್ ಚೇಂಬರಿನ, ಅಂದರೆ ಇಂಜಿನ್ ಆಯಿಲ್ ನಿಲ್ಲುವ ತಳದ ತೊಟ್ಟಿಯ ಬೋಲ್ಟ್ ಅಲ್ಲ, ಗೇರ್ ಬಾಕ್ಸಿನದು. ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ ಈ ಸಣ್ಣ ಕಾರುಗಳಲ್ಲಿ ಇಂಜಿನ್ ಮತ್ತು ಗೇರ್ ಬಾಕ್ಸ್ ಅಕ್ಕಪಕ್ಕ ಅಂಟಿಕೊಂಡೇ ಇರುತ್ತವೆ. ಎರಡರ ಬೋಲ್ಟೂ ಕೆಳಗೇ ಇರುತ್ತದೆ. ಹೊಸಬರಿಗೆ ಗೊಂದಲ ಆಗುವುದು ಸಹಜ.

ಅವನು ಸ್ಟಾರ್ಟ್ ಮಾಡಿ ಸ್ವಲ್ಪ ದೂರ ಹೋಗಿದ್ದಾನೆ. ಹಿಂದೆ ನೀಲಿ ಹೊಗೆ ಕಂಡಿದೆ. ಅಲ್ಲೇ ಬಂದ್ ಮಾಡಿ, ಇನ್ನೊಂದು ಗಾಡಿಗೆ ಹಗ್ಗ ಕಟ್ಟಿಸಿ ಎಳೆಸಿಕೊಂಡು ಬಂದಿದ್ದಾನೆ. ಬಂದವನೇ ಗ್ಯಾರೇಜಿನ ಮುಖ್ಯ ಮಿಸ್ತ್ರಿ ಉಸ್ತಾದ್ ಎದುರು ನಿಂತು, "ಉಸ್ತಾದ್, ನಾನೇ ತಪ್ಪು ಬೋಲ್ಟ್ ಬಿಚ್ಚೀನ್ರಿ. ಈಗ ಏನ್ ಮಾಡ್ಬೇಕ್ರಿ?" ಅಂದ.

ಅಷ್ಟೇ ಸಾಕಾಯಿತು. ಚಹಾ ಕುಡಿಯುತ್ತ ಕೂತಿದ್ದವರೆಲ್ಲ ನಕ್ಕರು. ಒಬ್ಬ "ಡಾಕ್ಟ್ರು ಗಾಡಿಗೆ ಆಪರೇಷನ್ ಮಾಡ್ಯಾರ ನೋಡ್ರಿ" ಅಂದ. ಇನ್ನೊಬ್ಬ ಮೊಬೈಲ್ ತೆಗೆದು ಅವನ ಮುಖಕ್ಕೇ ಹಿಡಿದು ವಿಡಿಯೊ ಮಾಡಿದ, "ಇನ್ನೊಮ್ಮೆ ಹೇಳು ತಮ್ಮಾ, ಯಾವ ಬೋಲ್ಟ್ ಬಿಚ್ಚಿದಿ?" ಅಂತ ಕೇಳಿದ. ಸಂಜೆಯೊಳಗೆ ಅದು ನಮ್ಮ ಕಾಲೊನಿಯ ವಾಟ್ಸಾಪ್ ಗ್ರೂಪಿಗೂ ಬಂತು. ಅದರ ಕೆಳಗೆ ನಗುವ ಗೊಂಬೆಗಳ ಸಾಲು. ಅದನ್ನು ಹಾಕಿದವರಲ್ಲಿ ನನ್ನ ಗೆಳೆಯರೂ ಇದ್ದೀರಿ. ಈ ಬರಹ ಮುಖ್ಯವಾಗಿ ನಿಮಗೇ.

ನನ್ನ ಕೆಲಸ ಏನು ಅಂತ ನಿಮಗೆಲ್ಲ ಗೊತ್ತು. ಐಟಿಐನ ಮೋಟಾರ್ ಮೆಕ್ಯಾನಿಕ್ ವರ್ಕ್‌ಶಾಪಿನಲ್ಲಿ ಹುಡುಗರಿಗೆ ಕಲಿಸುತ್ತಲೇ ನನ್ನ ಕೂದಲು ಬೆಳ್ಳಗಾದದ್ದು. ಹಾಗಾಗಿ ಆ ಹುಡುಗ ಏನು ಮಾಡಿದ ಅನ್ನುವುದನ್ನು ಮೊದಲು ಸರಿಯಾಗಿ ತಿಳಿದುಕೊಳ್ಳಿ.

ಗೇರ್ ಬಾಕ್ಸಿನಿಂದ ಸುಮಾರು 2 ಲೀಟರ್ ಆಯಿಲ್ ಹೊರಗೆ ಹೋಯಿತು. ಇಂಜಿನ್‌ನಲ್ಲಿ ಹಳೆಯ 3 ಲೀಟರ್ ಹಾಗೇ ಇತ್ತು, ಅದರ ಮೇಲೆ ಹೊಸ 3 ಲೀಟರ್ ಬಿತ್ತು. ಚೇಂಬರ್ ಅಷ್ಟು ತುಂಬಿದರೆ ಪಿಸ್ಟನ್‌ಗಳು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್, ತಿರುಗುವಾಗ ಆಯಿಲ್‌ಗೆ ಬಡಿದು ಅದನ್ನು ನೊರೆ ಮಾಡುತ್ತದೆ. ನೊರೆಯನ್ನು ಪಂಪ್ ಸರಿಯಾಗಿ ತಳ್ಳಲಾರದು, ಪ್ರೆಶರ್ ಬೀಳುತ್ತದೆ. ಹೆಚ್ಚಾದ ಆಯಿಲ್, ಇಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಏರ್ ಫಿಲ್ಟರ್ ಕಡೆಗೆ ಬಂದು ಉರಿಯುತ್ತದೆ. ನೀಲಿ ಹೊಗೆ ಅದರದ್ದು. ಅತ್ತ ಗೇರ್ ಬಾಕ್ಸ್ ಒಣಗಿ ಬೇರಿಂಗ್‌ಗಳು ಕಾಯಲು ಶುರುವಾಗುತ್ತವೆ. ಇನ್ನೊಂದಿಷ್ಟು ದೂರ ಓಡಿಸಿದ್ದರೆ ಎರಡೂ ಹೋಗುತ್ತಿದ್ದವು. ಅವನು ಓಡಿಸಲಿಲ್ಲ. ಹೊಗೆ ಕಂಡ ಕೂಡಲೇ ನಿಲ್ಲಿಸಿದ. ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಅವನು ಹೇಳದೇ ಇದ್ದರೆ ಏನಾಗುತ್ತಿತ್ತು ಯೋಚನೆ ಮಾಡಿ. ಹೊಗೆ ಬರುತ್ತಿದೆ ಅಂತಷ್ಟೇ ಹೇಳಿದ್ದರೆ ಯಾವ ಮಿಸ್ತ್ರಿಯಾದರೂ ಇಂಜಿನ್ ಒಳಗೆ ಆಯಿಲ್ ಮೇಲೆ ಬಾರದಂತೆ ತಡೆಯುವ ಪಿಸ್ಟನ್ ರಿಂಗ್ ಹೋಗಿದೆ ಅಂದುಕೊಳ್ಳುವ ಸಾಧ್ಯತೆ ಇದೆ. ಇಂಜಿನ್ ಬಿಚ್ಚುವ ಮಾತು ಬರುತ್ತದೆ. ಗೇರ್ ಬಾಕ್ಸ್ ಖಾಲಿ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಹೇಳಿದ್ದರಿಂದ ಉಸ್ತಾದ್ ಎರಡೂ ಬೋಲ್ಟ್ ಬಿಚ್ಚಿ ಪೂರ್ತಿ ಇಳಿಸಿದ, ಏರ್ ಫಿಲ್ಟರ್ ಬದಲಾಯಿಸಿದ, ಸರಿಯಾದ ಆಯಿಲ್ ಸರಿಯಾದ ಅಳತೆಯಲ್ಲಿ ಹಾಕಿದ. ಗಾಡಿ ಸದ್ದಿಲ್ಲದೆ ಓಡಿತು. ಆ ಉಸ್ತಾದ್ ಒಂದು ಸಲವೂ ನಗಲಿಲ್ಲ. ಹುಡುಗನನ್ನು ಕೆಳಗೆ ಕರೆದು, "ಇಲ್ಲಿ ನೋಡು ತಮ್ಮಾ, ಇದು ಇಂಜಿನ್, ಇದು ಗೇರ್. ಓಡಿದ ಇಂಜಿನ್ ಆಯಿಲ್ ಕರ‍್ರಗ ಇರ್ತದ. ಬೆಳ್ಳಗ, ಜೇನುತುಪ್ಪದ ಬಣ್ಣದ್ದು ಬಂತಂದ್ರ ಅಲ್ಲೇ ನಿಲ್ಲಿಸು" ಅಂತ ತೋರಿಸಿದ. ಪಾಠ ಅಂದರೆ ಅದು. ಕೈಯೆತ್ತಿ ಮುಗಿಯಬೇಕು ಅನ್ನಿಸಿತು ನನಗೆ.

ನಕ್ಕವರ ಮೇಲೆ ನಾನು ದನಿ ಏರಿಸಿದೆ. ಅವರಲ್ಲಿ ಒಬ್ಬರು ನನಗಿಂತ ದೊಡ್ಡವರು. ಆದರೂ ಏರಿಸಿದೆ. ಬೇಜಾರಿಲ್ಲ.

ಯಾಕೆ ಇಷ್ಟು ಸಿಟ್ಟು ಅಂತ ಕೇಳಬಹುದು. ಕಾರಣ ಇದೆ. ತುಂಬ ಹಿಂದೆ ಜೇವರ್ಗಿ ಕಡೆಯ ಒಂದು ಹಳ್ಳಿಯ ಹುಡುಗ ನನ್ನ ಕ್ಲಾಸಿನಲ್ಲಿದ್ದ. ಕೈಚಳಕ ಚೆನ್ನಾಗಿತ್ತು. ಒಂದು ದಿನ ಆಯಿಲ್ ಫಿಲ್ಟರ್ ಬದಲಾಯಿಸುವಾಗ ಹಳೆಯ ಫಿಲ್ಟರಿನ ರಬ್ಬರ್ ಪ್ಯಾಕಿಂಗ್ ಇಂಜಿನ್‌ಗೇ ಅಂಟಿಕೊಂಡು ಉಳಿದಿತ್ತು. ಅದರ ಮೇಲೆ ಹೊಸದನ್ನು ಹಾಕಿದ. ಎರಡು ಪ್ಯಾಕಿಂಗ್ ಆದರೆ ಸೀಲ್ ನಿಲ್ಲುವುದಿಲ್ಲ, ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಚಿಮ್ಮುತ್ತದೆ. ಚಿಮ್ಮಿತು. ಇಡೀ ಕ್ಲಾಸ್ ನಕ್ಕಿತು, ಅವನಿಗೆ ಒಂದು ಅಡ್ಡಹೆಸರೂ ಬಿತ್ತು. ಅದಾದ ಕೆಲವೇ ದಿನಕ್ಕೆ ಅವನು ಬ್ರೇಕ್ ಪ್ಯಾಡ್ ಹಾಕುವ ಕೆಲಸ ಮಾಡಿದ. ಗಾಡಿ ಹೊರಗೆ ಹೋಗುವ ಮೊದಲು ಎಂದಿನಂತೆ ನಾನು ಚಕ್ರ ಬಿಚ್ಚಿಸಿ ನೋಡಿದರೆ ಪ್ಯಾಡ್ ಹಿಡಿದಿಡುವ ಕ್ಯಾಲಿಪರ್‌ನ ಒಂದು ಬೋಲ್ಟ್ ಇಲ್ಲ. ಬೋಲ್ಟ್ ಅವನ ಪ್ಯಾಂಟಿನ ಜೇಬಿನಲ್ಲಿತ್ತು. ಉಳಿದದ್ದು ಅವನಿಗೆ ಗೊತ್ತಿತ್ತು. "ಯಾಕೋ ಹೇಳಲಿಲ್ಲ?" ಅಂದರೆ ಆ ಹುಡುಗ ಅಳುತ್ತ, "ಮತ್ತ ನಗ್ತಾರ್ರಿ ಸರ್" ಅಂದ.

ಬ್ರೇಕಿನ ಬೋಲ್ಟ್, ನೋಡಿ. ಆ ಗಾಡಿ ಹಾಗೇ ಗೇಟು ದಾಟಿದ್ದರೆ? ಈಗಲೂ ನೆನೆದರೆ ಎದೆ ಝಲ್ ಅನ್ನುತ್ತದೆ. ಅವತ್ತಿನಿಂದ ನನ್ನ ವರ್ಕ್‌ಶಾಪಿನಲ್ಲಿ ಒಂದೇ ಕಟ್ಟಳೆ ಇತ್ತು. ಕೆಲಸ ಮುಗಿದ ಮೇಲೆ ಏನೇ ಉಳಿದರೂ ಮೇಜಿನ ಮೇಲೆ ಇಡಬೇಕು, ಇಟ್ಟವನನ್ನು ನೋಡಿ ಯಾರೂ ನಗಬಾರದು. ನಕ್ಕವನಿಗೆ ಅವತ್ತು ಪಾನಾ (ಸ್ಪ್ಯಾನರ್) ಮುಟ್ಟಲು ಬಿಡುತ್ತಿರಲಿಲ್ಲ.

ನೀವು ಹೇಳುತ್ತೀರಿ, ಇದೆಲ್ಲ ತಮಾಷೆ ಸರ್, ಇಷ್ಟು ಗಂಭೀರವಾಗಿ ತಗೋಬೇಡಿ ಅಂತ. ನಮ್ಮ ಬೀದಿಯಲ್ಲಿ ಒಬ್ಬರು ಕಾಲೇಜು ಮೇಷ್ಟ್ರಿದ್ದಾರೆ. ಅವರು ಮುಂದಿನ ಬ್ರೇಕ್ ಪ್ಯಾಡ್ ತಾವೇ ಬದಲಾಯಿಸಿದರು, ಪ್ಯಾಡ್ ಹಾಕಿದ್ದು ಸರಿಯಾಗಿಯೇ ಇತ್ತು. ಹೊಸ ಪ್ಯಾಡ್ ಕೂರಿಸಲು, ಪ್ಯಾಡನ್ನು ತಳ್ಳುವ ಬ್ರೇಕಿನ ಪಿಸ್ಟನ್ನನ್ನು ಒಳಗೆ ಒತ್ತಿರುತ್ತೇವಲ್ಲ, ಆಮೇಲೆ ನಿಂತ ಜಾಗದಲ್ಲೇ ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ತುಳಿಯಬೇಕು. ಅದೊಂದು ಮರೆತುಹೋಯಿತು. ಮೊದಲ ತುಳಿತಕ್ಕೆ ಪೆಡಲ್ ನೆಲಕ್ಕೆ ಹೋಯಿತು, ಗಾಡಿ ಮೆಲ್ಲಗೆ ಹೋಗಿ ಅವರದೇ ಗೇಟಿಗೆ ತಾಗಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ತಿಂಗಳುಗಟ್ಟಲೆ ಹೋಗಿಬರುವವರೆಲ್ಲ "ಮೇಷ್ಟ್ರೇ, ಗೇಟ್ ಹೆಂಗದ?" ಅಂತ ಕೇಳಿ ಕೇಳಿ, ಅವರು ಎಲ್ಲ ಪಾನಾ ಸೆಟ್ಟನ್ನೂ ಯಾರಿಗೋ ಕೊಟ್ಟುಬಿಟ್ಟರು. ಕಲಿಯುವ ಆಸೆ ಇದ್ದ ಮನುಷ್ಯ. ಅವರ ಕೈಯಿಂದ ಪಾನಾ ಕಿತ್ತುಕೊಂಡಿದ್ದು ಆ ತಮಾಷೆಯೇ.

ಹೆಣ್ಣುಮಕ್ಕಳಾದರೆ ಇನ್ನೂ ಕಷ್ಟ. ನನ್ನ ಅಕ್ಕನ ಮಗಳು ಯಾದಗಿರಿ ಕಡೆ ಶಾಲೆಯಲ್ಲಿ ಟೀಚರ್. ದಾರಿಯಲ್ಲಿ ಪಂಕ್ಚರ್ ಆದಾಗ ಸ್ಟೆಪ್ನಿ ತಾನೇ ಹಾಕಲು ಇಳಿದಿದ್ದಾಳೆ. ಜಾಕ್ ಎತ್ತಿದ ಮೇಲೆ ನಟ್ ಬಿಚ್ಚಲು ಹೋದಳು, ಚಕ್ರ ಗಾಳಿಯಲ್ಲೇ ತಿರುಗಿತು. ಚಕ್ರ ನೆಲದ ಮೇಲೆ ಇರುವಾಗಲೇ ನಟ್‌ಗಳನ್ನು ಸ್ವಲ್ಪ ಸಡಿಲ ಮಾಡಿಕೊಳ್ಳಬೇಕು, ಆಮೇಲೆ ಎತ್ತಬೇಕು, ಅಷ್ಟೇ ವಿಷಯ. ಬೈಕ್ ನಿಲ್ಲಿಸಿದ ಇಬ್ಬರು ಅದನ್ನು ಹೇಳಲಿಲ್ಲ, ನಿಂತು ನಕ್ಕರು. ಅವಳು ಗಟ್ಟಿಗಿತ್ತಿ. ಜಾಕ್ ಇಳಿಸಿ, ಸಡಿಲ ಮಾಡಿ, ಮತ್ತೆ ಎತ್ತಿ, ಚಕ್ರ ಹಾಕಿ, ಎದುರುಬದುರಾಗಿ ನಟ್ ಬಿಗಿದು ಹೊರಟಳು. ಎಲ್ಲರೂ ಅವಳಷ್ಟು ಗಟ್ಟಿ ಇರುತ್ತಾರಾ?

ಇನ್ನು ಬರುವ ವಾದ ನನಗೆ ಗೊತ್ತು. ಗೊತ್ತಿಲ್ಲದವರು ಯಾಕೆ ಕೈಹಾಕಬೇಕು, ಮಿಸ್ತ್ರಿಗಳು ಇಲ್ಲವಾ? ಅಪಾಯ ಅಲ್ವಾ? ಅಪಾಯ ಇದೆ, ಇಲ್ಲ ಅನ್ನುವುದಿಲ್ಲ. ಗಾಡಿ ಜೊತೆ ಕೊಡುವ ಜಾಕ್ ಚಕ್ರ ಬದಲಾಯಿಸುವುದಕ್ಕೆ ಮಾತ್ರ. ಅದರ ನಂಬಿಕೆಯ ಮೇಲೆ ಕೆಳಗೆ ತೂರಬಾರದು. ನಮ್ಮ ಕಡೆ ಮನೆ ಮುಂದೆ ಶಹಾಬಾದ್ ಫರ್ಸಿ ಕಲ್ಲಿನ ತುಂಡುಗಳು ಬಿದ್ದಿರುತ್ತವೆ, ಅವನ್ನೋ ಇಟ್ಟಿಗೆಯನ್ನೋ ಪೇರಿಸಿ ಗಾಡಿ ನಿಲ್ಲಿಸುತ್ತಾರೆ. ದಯವಿಟ್ಟು ಬೇಡ. ಕಲ್ಲು ಸೀಳುವ ಮೊದಲು ನಿಮಗೆ ಸೂಚನೆ ಕೊಡುವುದಿಲ್ಲ. ಕೆಳಗೆ ಹೋಗಲೇಬೇಕಾದರೆ ಕಬ್ಬಿಣದ ಸ್ಟ್ಯಾಂಡ್ ಬೇಕು. ಏರ್‌ಬ್ಯಾಗ್, ಎಲೆಕ್ಟ್ರಿಕ್ ಗಾಡಿಯ ಕೇಸರಿ ಬಣ್ಣದ ವೈರುಗಳು, ಇವಕ್ಕೆ ಮನೆಯಲ್ಲಿ ಕೈಹಾಕಬೇಡಿ. ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಮುಟ್ಟುವಾಗ ಕಾದ ಇಂಜಿನ್‌ನ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ, ಮುಚ್ಚಳ ತೆಗೆದ ಕೂಡಲೇ ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ.

ಇಷ್ಟು ಹೇಳಿಯೂ ಆ ವಾದವನ್ನು ನಾನು ಒಪ್ಪುವುದಿಲ್ಲ. ಬ್ಯಾಟರಿ ಟರ್ಮಿನಲ್ ಉಜ್ಜುವುದು, ಏರ್ ಫಿಲ್ಟರ್ ಹಾಕುವುದು, ಆಯಿಲ್ ಮಟ್ಟ ನೋಡುವುದು, ಕೂಲಂಟ್ ಹಾಕುವುದು, ಇದೆಲ್ಲ ಕಲಿಯಲೇಬೇಕಾದ ಕೆಲಸ. ತೊಗರಿ ರಾಶಿ ಕಾಲದಲ್ಲಿ ಹಳ್ಳಿ ರಸ್ತೆಯ ಧೂಳಿಗೆ ಫಿಲ್ಟರ್ ಎಷ್ಟು ಬೇಗ ಕಟ್ಟುತ್ತದೆ ಅಂತ ಓಡಿಸುವವರಿಗೆ ಗೊತ್ತು, ಪ್ರತಿ ಸಲ ಚಿಂಚೋಳಿಯಿಂದ, ಅಫಜಲಪುರದಿಂದ ಕಲಬುರಗಿಯ ಸರ್ವೀಸ್ ಸೆಂಟರಿಗೆ ಬರಲು ಆಗುತ್ತದಾ? ನಮ್ಮದು ಸುಣ್ಣಕಲ್ಲಿನ ನೆಲ, ಬೋರಿನ ನೀರು ಕುದಿಸಿದರೆ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದೆ. ಅದೇ ನೀರನ್ನು ರೇಡಿಯೇಟರಿಗೆ ಹಾಕಿ ಹಾಕಿ ಒಳಗಿನ ಸಣ್ಣ ನಾಳಗಳು ಮುಚ್ಚಿಹೋದ ಎಷ್ಟು ಗಾಡಿ ನೋಡಿದ್ದೇನೆ! ಹಾಕಿದವರು ಬಹಳಷ್ಟು ಸಲ ಮಾಲೀಕರಲ್ಲ, ದುಡ್ಡು ತಗೊಂಡು ಕೆಲಸ ಮಾಡುವವರು. ಟೈರ್ ಅಂಗಡಿಯಲ್ಲಿ ಗಾಳಿ ಗನ್ನಿನಿಂದ ವಿಪರೀತ ಬಿಗಿದು ಚಕ್ರದ ನಟ್ ಕೂರುವ ಸ್ಟಡ್ ಮುರಿದದ್ದನ್ನೂ ನೋಡಿದ್ದೇನೆ. ಅಲ್ಲಿ ಯಾರೂ ಮೊಬೈಲ್ ತೆಗೆದು ವಿಡಿಯೊ ಮಾಡುವುದಿಲ್ಲ. ಬಿಲ್ ಕಟ್ಟಿ ಸುಮ್ನೆ ಬರುತ್ತೇವೆ. ತನ್ನ ಗಾಡಿ, ತನ್ನ ದುಡ್ಡು, ತನ್ನ ಕೈ ಅಂತ ಕಲಿಯುವವನನ್ನು ಮಾತ್ರ ಹಿಡಿದು ನಿಲ್ಲಿಸುತ್ತೇವೆ.

2022ರಲ್ಲಿ ಕೇಂದ್ರ ಸರ್ಕಾರವೇ ರಿಪೇರಿ ಹಕ್ಕು ಅಂತ ಒಂದು ಪೋರ್ಟಲ್ ಶುರುಮಾಡಿತು, ವಾಹನಗಳೂ ಅದರಲ್ಲಿ ಸೇರಿವೆ. ಹಕ್ಕು ಕಾಗದದ ಮೇಲೆ ಬಂದರೆ ಸಾಲದು. ಬೀದಿಯಲ್ಲಿ ಬಾನೆಟ್ ಎತ್ತಲು ಮನುಷ್ಯನಿಗೆ ನಾಚಿಕೆ ಆಗಬಾರದು. ಕಾರಿನ ಕಥೆಯೇ ಹಾಗೆ ಶುರುವಾದದ್ದು. 1888ರಲ್ಲಿ ಬರ್ಥಾ ಬೆಂಜ್ ಎಂಬ ಹೆಣ್ಣುಮಗಳು, ಆ ಕಾರು ಮಾಡಿದ ಕಾರ್ಲ್ ಬೆಂಜ್‌ನ ಹೆಂಡತಿ, ಗಂಡನಿಗೂ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಸುಮಾರು 100 ಕಿಲೋಮೀಟರ್ ಕಾರು ಓಡಿಸಿದಳು. ಇಂಧನದ ಪೈಪ್ ಕಟ್ಟಿದಾಗ ಟೋಪಿಯ ಪಿನ್ನಿನಿಂದ ತೆಗೆದಳು, ಬ್ರೇಕ್ ಸವೆದಾಗ ದಾರಿಯಲ್ಲಿ ಚಪ್ಪಲಿ ಹೊಲಿಯುವವರಿಂದ ತೊಗಲು ಬಡಿಸಿಕೊಂಡಳು. ಪ್ರತಿ ವರ್ಷ ಮೊದಲ ಕ್ಲಾಸಿನಲ್ಲಿ ನಾನು ಹೇಳುತ್ತಿದ್ದ ಕಥೆ ಇದು.

ಆ ವಿಡಿಯೊ ಹಾಕಿದವರಿಗೆ ಅದನ್ನು ತೆಗೆಯಿರಿ ಅಂತ ಗ್ರೂಪಿನಲ್ಲೇ ಹೇಳಿದ್ದೇನೆ. ತೆಗೆದಿಲ್ಲ. ತೆಗೆಯುವವರೆಗೆ ಕೇಳುತ್ತಲೇ ಇರುತ್ತೇನೆ.

ಮನೆಯಲ್ಲಿ ಗಾಡಿ ಬಿಚ್ಚುವವರಿಗೆ ಒಂದು ಮಾತು. ಪೆಟ್ರೋಲ್ ಗಾಡಿಗೆ ಡೀಸೆಲ್ ಬಿದ್ದಿರಲಿ, ಆಯಿಲ್ ಹೆಚ್ಚಾಗಿರಲಿ, ಬ್ರೇಕ್ ಆಯಿಲ್ ಡಬ್ಬಿಗೆ ಬೇರೆ ಆಯಿಲ್ ಸುರಿದಿರಲಿ, ಹೆಚ್ಚಿನ ಎಡವಟ್ಟುಗಳಿಗೆ ಗಾಡಿ ನಿಂತಿರುವವರೆಗೆ ಖರ್ಚು ಕಡಿಮೆ. ಇಂಜಿನ್ ತಿರುಗಿದ ಮೇಲೆ, ಪೆಡಲ್ ತುಳಿದ ಮೇಲೆ ಖರ್ಚು ಬೆಳೆಯುತ್ತದೆ. ಯಾರಾದರೂ ನೋಡಿಬಿಡುತ್ತಾರೆ ಅಂತ ನಾಚಿಕೊಂಡು ಚಾವಿ ತಿರುಗಿಸಬೇಡಿ. ನನ್ನ ನಂಬರ್ ನಿಮ್ಮಲ್ಲಿ ಬಹಳ ಜನರ ಹತ್ತಿರ ಇದೆ. ಫೋನ್ ಮಾಡಿ, ಏನು ಬಿಚ್ಚಿದಿರಿ, ಏನು ಸುರಿದಿರಿ ಅಂತ ಇದ್ದ ಹಾಗೆ ಹೇಳಿ. ರಾತ್ರಿ ಆದರೂ ಪರವಾಗಿಲ್ಲ. ಆದರೆ ಸ್ಟಾರ್ಟ್ ಮಾಡುವ ಮೊದಲು ಮಾಡಿ.