ಕಲಾವಿದೆಯ ಅಪ್ಪನ ಕಡತಗಳು

ನಾಲ್ಕು ವರ್ಷದ ನನ್ನ ಮಗಳು ದಿನಕ್ಕೆ ಐದು ಚಿತ್ರ ಬಿಡಿಸುತ್ತಾಳೆ. ರಜೆಯ ದಿನ ಅದು ಹನ್ನೆರಡಾಗುವುದೂ ಉಂಟು. ಐದೇ ಎಂದು ಹಿಡಿದು ಗುಣಿಸಿದರೂ ವರ್ಷಕ್ಕೆ 1,825. ಇದರ ಮೇಲೆ ಉದುರಿದ ಗುಂಡಿ, ಮೊದಲ ಕ್ಷೌರದ ಕೂದಲು, ಬಾಲವಿಲ್ಲದ ಜೇಡಿಮಣ್ಣಿನ ಬೆಕ್ಕು. "ಇವುಗಳಲ್ಲಿ ಒಂದನ್ನೂ ಎಸೆಯಕೂಡದು" ಎಂದು ಶಾಸನ ಹೊರಡಿಸಿದವನು ನಾನೇ. ನಾನು ಚಿಕ್ಕವನಿದ್ದಾಗ ಗೀಚಿದ ಒಂದು ಗೆರೆಯೂ ಉಳಿದಿಲ್ಲವಲ್ಲ ಎಂಬ ಹಳೆಯ ಕೊರಗು ನನ್ನದು. ಹೆಂಡತಿ "ಎಲ್ಲಿ ಇಡುತ್ತೀರಿ?" ಎಂದಷ್ಟೇ ಕೇಳಿದಳು. ಶಾಸನ ಹೊರಡಿಸುವವರು ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವ ಪದ್ಧತಿಯಿಲ್ಲ.

ಸಂಗ್ರಹದ ಮೊದಲ ಕೃತಿ ನನ್ನದೇ ಭಾವಚಿತ್ರ. ದೊಡ್ಡದೊಂದು ತಲೆ, ಗದ್ದದಿಂದ ನೇರವಾಗಿ ಇಳಿದ ಎರಡು ಕಾಲು. ನಡುವೆ ಏನೂ ಇಲ್ಲ. ಮೂರು, ನಾಲ್ಕು ವರ್ಷದ ಮಕ್ಕಳು ಮನುಷ್ಯರನ್ನು ಸಾಮಾನ್ಯವಾಗಿ ಹೀಗೇ ಬಿಡಿಸುತ್ತಾರೆ. ಬಲ್ಲವರು ಇದನ್ನು ಗೊದಮೊಟ್ಟೆ ಮನುಷ್ಯ ಎನ್ನುತ್ತಾರೆ. ಆದರೆ ನನ್ನನ್ನು ಹೊಟ್ಟೆಯಿಲ್ಲದವನಂತೆ ಕಂಡವರು ಇತ್ತೀಚೆಗೆ ಬೇರೆ ಯಾರೂ ಇರಲಿಲ್ಲವಾದ್ದರಿಂದ, ಆ ಸಂತೋಷಕ್ಕೆ ಚೌಕಟ್ಟು ಹಾಕಿಸಿ, ಚೆನ್ನಾಗಿ ಬೆಳಕು ಬೀಳಲೆಂದು ಕಿಟಕಿಯ ಎದುರಿನ ಗೋಡೆಗೇ ತೂಗುಹಾಕಿದೆ. ಬೆಳಕು ಚೆನ್ನಾಗಿಯೇ ಬಿತ್ತು. ಸ್ಕೆಚ್ ಪೆನ್ನಿನ ಬಣ್ಣಕ್ಕೆ ಬಿಸಿಲೆಂದರೆ ಆಗದು. ಮೊದಲು ನಗು ಹೋಯಿತು, ಆಮೇಲೆ ಕಣ್ಣು, ಕೊನೆಗೆ ಕಾಲು. ಉಳಿದದ್ದು ಪೆನ್ಸಿಲಿನಲ್ಲಿ ಎಳೆದಿದ್ದ ನಾಲ್ಕು ಕೂದಲು ಮಾತ್ರ, ಏಕೆಂದರೆ ಪೆನ್ಸಿಲಿನ ಗೆರೆ ಬಿಸಿಲಿಗೆ ಬಗ್ಗುವುದಿಲ್ಲ. ನನ್ನ ನಿಜವಾದ ತಲೆಯಲ್ಲಿ ಮೊದಲು ಹೋದದ್ದು ಕೂದಲೇ.

ಕಾಳು ಅಂಟಿಸಿ ಮಾಡಿದ ಮೀನಿನ ವಿಷಯ ಹೆಚ್ಚು ಹೇಳುವಂತಿಲ್ಲ. ಪೆಟ್ಟಿಗೆಗೆ ಹಾಕಿ ಅಟ್ಟದ ಮೇಲಿಟ್ಟಿದ್ದೆ. ಹುಳುಗಳು ಕಾಳು ತಿಂದು, ಗೋಂದು ನೆಕ್ಕಿ, ಬಾಯಿ ಬದಲಾವಣೆಗೆಂದು ಪಕ್ಕದಲ್ಲಿದ್ದ ಚಿಟ್ಟೆಯ ಒಂದು ರೆಕ್ಕೆಯನ್ನೂ ಮುಗಿಸಿದ್ದವು.

ಬಿಸಿಲು, ಹುಳು ಎರಡನ್ನೂ ತಡೆಯಬೇಕೆಂದರೆ ಲ್ಯಾಮಿನೇಷನ್ನೇ ಸರಿ ಎಂದು ಪುಟ್ಟ ಯಂತ್ರವೊಂದನ್ನು ಮನೆಗೆ ತಂದೆ. ಕ್ರೇಯಾನ್ ಎಂದರೆ ಬಣ್ಣ ಹಾಕಿದ ಮೇಣ, ಯಂತ್ರ ಕೆಲಸ ಮಾಡುವುದು ಶಾಖದಿಂದ. ಇವೆರಡೂ ನನಗೆ ಬೇರೆ ಬೇರೆಯಾಗಿ ಗೊತ್ತಿದ್ದವು. ಒಟ್ಟಿಗೆ ನೆನಪಾದದ್ದು, ಹಳದಿ ಸೂರ್ಯ ಕರಗಿ ಕೆಳಗೆ ಮೇಯುತ್ತಿದ್ದ ಹಸುವಿನ ಬೆನ್ನೇರಿದಾಗ. ಪ್ಲಾಸ್ಟಿಕ್ ಬಿಡಿಸಲು ಹೋದೆ. ಹಸುವಿನ ಅರ್ಧ ಅದರ ಜೊತೆಗೇ ಎದ್ದು ಬಂತು.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಬಣ್ಣವಿದ್ದರೆ ತಾನೆ ಕರಗುವುದು, ಕಪ್ಪು ಬಿಳುಪಿನದಕ್ಕೆ ಏನೂ ಆಗದು ಎಂದು ವಾದ ಕಟ್ಟಿಕೊಂಡು, ಮಗಳು ಹುಟ್ಟುವ ಮೊದಲಿನ ಸ್ಕ್ಯಾನಿಂಗ್ ಚಿತ್ರವನ್ನು ಯಂತ್ರದ ಬಾಯಿಗೆ ಕೊಟ್ಟೆ. ಆ ಕಾಗದಕ್ಕೆ ಶಾಯಿಯೇ ಇರುವುದಿಲ್ಲ. ಅಂಗಡಿಯ ರಸೀದಿಯ ಹಾಗೆ ಶಾಖ ತಗುಲಿದಲ್ಲೆಲ್ಲ ಕಪ್ಪಾಗುತ್ತದೆ. ಆ ಕಡೆಯಿಂದ ಹೊರಬಂದದ್ದು ಮಿರಮಿರ ಮಿಂಚುವ, ನೀರು ಬಿದ್ದರೂ ಏನೂ ಆಗದ, ಅಂಚಿನಿಂದ ಅಂಚಿನವರೆಗೆ ಕಡುಗಪ್ಪು ಹಾಳೆ. ಮೊದಲೇ ಒಂದು ಫೋಟೊ ತೆಗೆದಿಟ್ಟುಕೊಳ್ಳುವುದಕ್ಕೆ ಅರ್ಧ ನಿಮಿಷ ಸಾಕಿತ್ತು. ಹೆಂಡತಿ ಹಾಳೆಯನ್ನು ನೋಡಿದಳು, ನನ್ನನ್ನು ನೋಡಿದಳು, ಮಾತಾಡಲಿಲ್ಲ. ಕಾಪಾಡಿದವಳು ಮಗಳೇ. ಅದನ್ನು ಹಿಂದೆಮುಂದೆ ತಿರುಗಿಸಿ, "ನಾನು ಒಳಗೆ ಮಲಗಿದ್ದೆನಲ್ಲ ಅಪ್ಪಾ, ಅದಕ್ಕೇ ದೀಪ ಆರಿಸಿದ್ದಾರೆ" ಎಂದಳು.

ಇನ್ನು ತಾರೀಖು. ಚಿತ್ರದ ಹಿಂದೆ ಮೆದು ಪೆನ್ಸಿಲಿನಲ್ಲಿ ದಿನಾಂಕ, ಮಗುವಿನ ವಯಸ್ಸು, ಅದು ಏನೆಂದು ಮಗು ಹೇಳಿತೋ ಅದು, ಇಷ್ಟನ್ನು ಆ ಕ್ಷಣವೇ ಬರೆದಿಡಬೇಕು. ಪೆನ್ನಾದರೆ ಶಾಯಿ ಹಾಳೆಯ ಮುಂಬದಿಗೆ ಇಳಿಯುತ್ತದೆ. ಇದೆಲ್ಲ ನನಗೆ ಗೊತ್ತು. ಆದರೆ ಪೆನ್ಸಿಲ್ ಯಾವಾಗಲೂ ಕಲಾವಿದೆಯ ಕೈಯಲ್ಲೇ ಇರುತ್ತಿತ್ತು, ನನಗೋ ನನ್ನ ನೆನಪಿನ ಮೇಲೆ ಅಪಾರ ಭರವಸೆ. ಈಗ ಕಂದು ಬಣ್ಣದ ಒಂದು ಉದ್ದನೆಯ ಸೊನ್ನೆ, ಅದಕ್ಕೆ ಆರು ಗೆರೆ, ಇಂಥದ್ದು ಕೈಗೆ ಬಂದರೆ ನಾನು ಸೋಫಾ ಎನ್ನುತ್ತೇನೆ, ಹೆಂಡತಿ ನಾಯಿ ಎನ್ನುತ್ತಾಳೆ. ಕಲಾವಿದೆಯನ್ನೇ ಕೇಳಿದರೆ "ಅಜ್ಜಿ" ಎನ್ನುತ್ತಾಳೆ. ಯಾವಾಗ ಬಿಡಿಸಿದ್ದು? "ನಿನ್ನೆ." ಅವಳಿಗೆ ಕಳೆದುಹೋದದ್ದೆಲ್ಲ ನಿನ್ನೆಯೇ.

ಕಳೆದ ತಿಂಗಳು ಒಂದು ಕಚೇರಿಗೆ ಅರ್ಜಿ ಕೊಡಬೇಕಿತ್ತು, ಎರಡು ಪ್ರತಿ. ಕೊನೆಯ ದಿನ ಸರದಿ ಬಂದು ಕಿಟಕಿಯೊಳಗೆ ಕಾಗದ ತೂರಿಸಿದ ಮೇಲೆಯೇ ನನಗೆ ಗೊತ್ತಾದದ್ದು, ಎರಡನೆಯ ಪ್ರತಿಯ ಬೆನ್ನಿಗೆ ಪುಟ ತುಂಬ ನೇರಳೆ ಬಣ್ಣದ ಆನೆ ನಿಂತಿದೆ ಎಂದು. ಒಳಗಿದ್ದವರು ಕನ್ನಡಕ ಸರಿಪಡಿಸಿಕೊಂಡು ಅದನ್ನು ಸಾವಕಾಶವಾಗಿ ನೋಡಿದರು.

"ಇದು ಅನುಬಂಧವೇ?"

"ಅಲ್ಲ ಸರ್, ಆನೆ."

ಅವರು ನಗಲಿಲ್ಲ. ಹಾಳೆಯ ಮುಂಬದಿಯಲ್ಲಿ ಮೊಹರಿಗೆ ಜಾಗ ಹುಡುಕಿದರು, ಸಿಗಲಿಲ್ಲ. ಹಾಳೆ ಮಗುಚಿ ಆನೆಯ ಎಡಗಿವಿಯ ಮೇಲೆ ಸ್ವೀಕೃತಿಯ ಮುದ್ರೆ ಒತ್ತಿ, ಸಂಖ್ಯೆ ಬರೆದು, ತಾರೀಖು ಹಾಕಿ, ರುಜು ಮಾಡಿ ನನ್ನ ಕೈಗಿತ್ತರು.

ಇಡೀ ಸಂಗ್ರಹದಲ್ಲಿ ತಾರೀಖು ಇರುವ ಚಿತ್ರ ಅದೊಂದೇ. ಹೆಮ್ಮೆಯಿಂದ ಮನೆಗೆ ತಂದು ಮಗಳಿಗೆ ತೋರಿಸಿದೆ. ಅವಳ ಮುಖ ಕೆಂಪಾಯಿತು.

"ನನ್ನ ಆನೆಯ ಮೇಲೆ ಯಾರಪ್ಪ ಗೀಚಿದ್ದು?"