ಚಿಗರಿ ಲೇನ್ ತೆಗಿಯೂಕಿಂತ ಮೊದಲ ಮಂದೀನ್ನ ಎಣಿಸ್ರಿ

ಹುಬ್ಬಳ್ಳಿ-ಧಾರವಾಡದಾಗ ಬಿಆರ್‌ಟಿಎಸ್, ಅಂದ್ರ ರಸ್ತೆ ನಡುವ ಬಸ್ಸಿಗಷ್ಟ ಲೇನ್ ಇಟ್ಟು ಓಡಿಸೂ ಚಿಗರಿ ಬಸ್ಸಿನ ಮಾತು ತೆಗದ್ರ ಸಾಕು, ಭಾಳ ಮಂದಿ ಹೇಳೂದು ಒಂದ ಮಾತು: ನಡುವ ಅಷ್ಟು ದೊಡ್ಡ ರಸ್ತೆ ಖಾಲಿ ಬಿಟ್ಟು ನಮ್ಮನ್ನ ಆಜೂಬಾಜೂ ಟ್ರಾಫಿಕ್‌ನ್ಯಾಗ ನಿಲ್ಲಿಸ್ಯಾರ, ಆ ಲೇನ್ ಎಲ್ಲಾ ಗಾಡಿಗೂ ಬಿಡ್ರಿ ಅಂತ. ಸಿಟ್ಟು ನನಗೂ ಅರ್ಥ ಆಗ್ತೈತಿ. ಆದ್ರ ಈ ಬೇಡಿಕೆ ನಾ ಒಪ್ಪಂಗಿಲ್ಲ, ಯಾಕಂತ ಸ್ವಲ್ಪ ಉದ್ದ ಬರದೀನಿ, ಪುರಸೊತ್ತಿದ್ರ ಪೂರಾ ಓದ್ರಿ.

ಮೊದಲ ಆ ಲೇನ್ ಖಾಲಿ ಯಾಕ ಕಾಣ್ತೈತಿ ಅನ್ನೂದು ನೋಡೂಣು. ನಿಮಿಷಕ್ಕೊಂದು ಬಸ್ ಅಂತ ಇಟ್ಕೋರಿ. ಆ ಬಸ್ ನಿಮ್ಮ ಕಣ್ಣ ಮುಂದ ಹಾದು ಹೋಗಾಕ ಎರಡ-ಮೂರ ಸೆಕೆಂಡ್ ಸಾಕು, ಉಳದ ಹೊತ್ತೆಲ್ಲಾ ಬರೇ ರಸ್ತೆ ಕಾಣ್ತೈತಿ. ಬಸ್ಸಿಗೆ ಅರವತ್ತು ಮಂದಿ ಅಂದ್ರ ತಾಸಿಗೆ 3,600 ಮಂದಿ ದಾಟಿದಂಗಾತು. ಅದ ಲೇನಿಗೆ ಕಾರ್ ಬಿಟ್ರ, ಸಿಗ್ನಲ್ ಇಲ್ಲದ ಚೊಲೋ ರಸ್ತೇದಾಗೂ ತಾಸಿಗೆ ಸುಮಾರು 2,000 ಕಾರ್ ದಾಟೂದ ಹೆಚ್ಚು, ಸಿಗ್ನಲ್ ಬಂತಂದ್ರ ಅದೂ ಹತ್ರಹತ್ರ ಅರ್ಧಕ್ಕ ಇಳೀತೈತಿ, ಕಾರಿನ್ಯಾಗ ಕುಂತಾವ್ರು ಒಬ್ರೋ ಇಬ್ರೋ. ಇಲ್ಲೆ ನಿಮಿಷಕ್ಕೊಂದು ಬಸ್ ಎಲ್ಲೈತಿ ಅಂತ ಕೇಳ್ತೀರಿ, ಸರಿ, ಎರಡ ನಿಮಿಷಕ್ಕೊಂದು ಅನ್ರಿ, ಆಗೂ 1,800 ಮಂದಿ ಆತು. ಖಾಲಿ ಕಾಣ್ತೈತಿ ಅಂತ ಬಸ್ ಲೇನ್ ದಂಡ ಅನ್ನೂದು, ರೈಲು ಇಲ್ಲದಾಗ ಹಳಿ ಮ್ಯಾಲೆ ಗಾಡಿ ಬಿಡ್ರಿ ಅಂದಂಗ ಆಗ್ತೈತಿ.

ಇದು ನಮ್ಮೂರಿಂದಷ್ಟ ಜಗಳ ಅಲ್ಲ. ದಿಲ್ಲಿಯೊಳಗ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್ ತನಕ 5.8 ಕಿಲೋಮೀಟರ್ ಬಿಆರ್‌ಟಿ 2008ರಾಗ ಶುರು ಆತು, ಕಾರಿನವ್ರು ಸಿಟ್ಟಾದ್ರು, ಕೇಸ್ ಹೈಕೋರ್ಟಿಗೆ ಹೋತು. 2012ರಾಗ ಸಿಆರ್‌ಆರ್‌ಐ, ಅಂದ್ರ ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆ, ಬಸ್ ಲೇನ್ ಎಲ್ಲಾ ಗಾಡಿಗೂ ಬಿಟ್ಟು ಟ್ರಯಲ್ ಮಾಡ್ತು, ಲೇನ್ ಇಲ್ಲದಿದ್ರ ಗಾಡಿಗಳು ಬೇಗ ಹೋಗ್ತಾವ ಅಂತ ವರದಿ ಕೊಡ್ತು. ಆದ್ರ ಆ ರಸ್ತೇದ ಎಣಿಕೆ ಒಳಗ ಇನ್ನೊಂದು ಸಂಗತಿ ಇತ್ತು ನೋಡ್ರಿ: ಗಾಡಿ ಲೆಕ್ಕದಾಗ ಬಸ್ ಭಾಳ ಕಡಿಮಿ, ಮಂದಿ ಲೆಕ್ಕದಾಗ ಹತ್ರಹತ್ರ ಅರ್ಧ ಮಂದಿ ಬಸ್ಸಿನ್ಯಾಗ ಇದ್ರು. ಒಂದ ರಸ್ತೆ, ಒಂದ ಎಣಿಕೆ. ಗಾಡಿ ನೋಡಿದವರಿಗೆ ಲೇನ್ ಬ್ಯಾಡ ಅನಿಸ್ತು, ಮಂದಿ ನೋಡಿದವರಿಗೆ ಬೇಕು ಅನಿಸ್ತು. ಅದ ವರ್ಷ ಅಕ್ಟೋಬರ್‌ನ್ಯಾಗ ಹೈಕೋರ್ಟ್ ಆ ಅರ್ಜಿ ವಜಾ ಮಾಡ್ತು, ಲೇನ್ ಉಳೀತು. ಆದ್ರೂ 2016ರಾಗ ಸರಕಾರ ಅದನ್ನ ಕಿತ್ತ ಹಾಕ್ತು. ಆಮ್ಯಾಲೆ 2024ರಾಗ ಭೋಪಾಲ್ ಕೀಳಾಕ ಹತ್ತಿತು, 2025ರಾಗ ಇಂದೋರ್ ಸರದಿ. ಮುಂದಿಂದು ನಾವಾಗಬಾರದು ಅಂತ ನನ್ನ ಕಳಕಳಿ.

ಯಾಕಂದ್ರ ನಮ್ಮ ಕಾರಿಡಾರ್ ಅವಕ್ಕಿಂತ ಚೊಲೋ ಕಟ್ಟಿದ್ದೈತಿ, ಇದನ್ನ ನಾ ಮನಸಾರೆ ಹೇಳ್ತೀನಿ. ಸುಮಾರು 22 ಕಿಲೋಮೀಟರ್, ಎರಡೂ ಊರು ಜೋಡಿಸ್ತೈತಿ. 2018ರ ಅಕ್ಟೋಬರ್‌ನ್ಯಾಗ ಬಸ್ ಓಡಾಕ ಹತ್ತಿದ್ವು, 2020ರ ಫೆಬ್ರವರಿಯೊಳಗ ಉದ್ಘಾಟನೆ ಆತು. ನಿಲ್ದಾಣದಾಗ ಪ್ಲಾಟ್‌ಫಾರ್ಮ್‌ನೂ ಬಸ್ಸಿನ ನೆಲಾನೂ ಒಂದ ಮಟ್ಟ, ಮೊಣಕಾಲು ನೋವಿನ ಅಜ್ಜಿ ಚೀಲ ಹಿಡ್ಕೊಂಡು ಮೆಟ್ಟಿಲು ಹತ್ತದ ಸೀದಾ ಒಳಗ ಹೋಗ್ತಾಳ. ನಿಲ್ದಾಣದ ಹತ್ರ ಇನ್ನೊಂದು ಹೆಚ್ಚಿನ ಲೇನ್ ಐತಿ, ಅದಕ್ಕ ನಿಲ್ಲದ ಹೋಗೂ ಬಸ್ಸು ನಿಂತ ಬಸ್ಸನ್ನ ದಾಟಿ ಮುಂದ ಹೋಗ್ತೈತಿ. ದಿಲ್ಲಿಯೊಳಗ ಈ ಸವಲತ್ತು ಇರಲಿಲ್ಲ, ಒಂದರ ಹಿಂದ ಒಂದು ಬಸ್ ಸಾಲು ಹಚ್ಚಿ ನಿಲ್ತಿದ್ವು. ಮತ್ತ ಇದಕ್ಕ ವಿಶ್ವಬ್ಯಾಂಕ್ ಜೋಡಿ ಜಾಗತಿಕ ಪರಿಸರ ನಿಧಿ ರೊಕ್ಕಾನೂ ಬಂದೈತಿ. ಹೊಗಿ ಕಡಿಮಿ ಆಗಬೇಕು ಅನ್ನೂ ಉದ್ದೇಶಕ್ಕ ಬಂದ ರೊಕ್ಕ ಅದು. ಹಂಗಿದ್ದ ಮ್ಯಾಲೆ, ಹೊಗಿ ಎಷ್ಟು ಕಡಿಮಿ ಆತು ಅಂತ ಊರ ಮಂದಿ ಮುಂದ ಇಡೂದು ಬ್ಯಾಡೇನು?

ಈ ಲೆಕ್ಕ ಹಾಕೂದು ಆಗದ ಮಾತೇನಲ್ಲ. ಟಿಕೆಟ್ ಮ್ಯಾಲಿನ ಕೋಡ್ ತೋರಿಸಿದ್ರ ತಗಿಯೂ ಗೇಟ್ ಇಟ್ಟ ವ್ಯವಸ್ಥಾ ಇದು, ಅಂದ್ರ ಯಾರು ಎಲ್ಲೆ ಹತ್ತಿದ್ರು, ಎಷ್ಟ ಗಂಟೆಕ್ಕ ಹತ್ತಿದ್ರು ಅನ್ನೂ ಲೆಕ್ಕ ಅಲ್ಲೇ ಹುಟ್ಟತೈತಿ. ಹೆಸರು, ನಂಬರ್ ತಗದು ಆ ಡೇಟಾ ಎಲ್ಲಾರಿಗೂ ಸಿಗೂ ಹಂಗ ಇಡಲಿ. ಕಾರಿಡಾರ್ ದಂಡಿ ಮ್ಯಾಲೇ ಬಿವಿಬಿ ಎಂಜಿನಿಯರಿಂಗ್ ಕಾಲೇಜ್ ಐತಿ, ಧಾರವಾಡದಾಗ ಎಸ್‌ಡಿಎಂ ಎಂಜಿನಿಯರಿಂಗ್ ಕಾಲೇಜ್ ಐತಿ, ಐಐಟಿ ಐತಿ, ಸಿವಿಲ್ ಹುಡುಗರಿಗೆ ಇದಕ್ಕಿಂತ ಚೊಲೋ ಪ್ರಾಜೆಕ್ಟ್ ಎಲ್ಲಿ ಸಿಕ್ಕೀತು. ಬಸ್ ಹತ್ತೂ ಮಂದೀನ್ನ ಒಂದ ಪ್ರಶ್ನೆ ಕೇಳ್ರಿ: ಈ ಬಸ್ ಇಲ್ಲದಿದ್ರ ಇವತ್ತ ಹೆಂಗ ಬರ್ತಿದ್ರಿ? ಸ್ಕೂಟಿ ಮ್ಯಾಲೆ ಬರ್ತಿದ್ದೆ ಅಂದ್ರ ಅಷ್ಟು ಪೆಟ್ರೋಲ್ ಉಳೀತು. ಇನ್ನೊಂದು ಬಸ್ಸಿನ್ಯಾಗ ಬರ್ತಿದ್ದೆ ಅಂದ್ರ ಹೊಗಿ ಲೆಕ್ಕದಾಗ ಭಾಳ ಉಳಿಯಂಗಿಲ್ಲ, ಅದನ್ನೂ ಖರೇನ ಬರೀಬೇಕು. ಲೆಕ್ಕ ನನ್ನ ವಾದಕ್ಕ ಉಲ್ಟಾ ಬಂದ್ರೂ ಅದನ್ನ ನಾ ಒಪ್ತೀನಿ.

ಸ್ವೀಡನ್‌ನ ಸ್ಟಾಕ್‌ಹೋಮ್‌ನ್ಯಾಗ ಹಿಂಗ ಮಾಡಿದ್ರು. ಊರ ಒಳಗ ಬರೂ ಕಾರಿಗೆ ಶುಲ್ಕ ಹಾಕೂ ಮಾತಿಗೆ ಭಾಳ ಮಂದಿ ವಿರೋಧ ಇದ್ರು. 2006ರ ಜನವರಿಯಿಂದ ಜುಲೈ ತನಕ ಟ್ರಯಲ್ ಮಾಡಿದ್ರು, ಅಳದ್ರು, ಟ್ರಾಫಿಕ್ ಸುಮಾರು ನೂರಕ್ಕ 20 ಇಳದಿದ್ದು ಎಲ್ಲಾರ ಮುಂದ ಇಟ್ರು, ಆಮ್ಯಾಲೆ ಸೆಪ್ಟೆಂಬರ್‌ನ್ಯಾಗ ಮತ ಕೇಳಿದ್ರು. ಆಗ ಹೆಚ್ಚಿನ ಮಂದಿ ಹೂಂ ಅಂದ್ರು. 2007ರಿಂದ ಅದು ಕಾಯಂ ಆತು.

ಹಂಗಂತ ಲೇನ್ ಬ್ಯಾಡ ಅನ್ನಾವರ ತಕರಾರು ಸುಳ್ಳಲ್ಲ. ಟೋಲ್ ನಾಕಾದಾಗ ಮಳಿ ನೀರು ನಿಲ್ಲೂದು ಖರೆ. ನಡುವಿನ ನಿಲ್ದಾಣಕ್ಕ ಹೋಗಾಕ ಜೋರಾಗಿ ಬರೂ ಗಾಡಿ ನಡುವ ರಸ್ತೆ ದಾಟಬೇಕು, ಸಣ್ಣ ಹುಡುಗರನ್ನ ಕರ್ಕೊಂಡ ತಾಯಂದ್ರಿಗೆ ಅದು ದಿನಾ ಜೀವಭಯ. ಬಸ್ಸು ಡೀಸೆಲ್, ವರ್ಷಾನುಗಟ್ಲೆ ಓಡಿ ಹಳೇವಾಗ್ಯಾವ. ಆದ್ರ ಇವೆಲ್ಲಾ ಗಟಾರದ್ದು, ಸಿಗ್ನಲ್ಲಿಂದು, ಬಸ್ಸಿಂದು ಕೆಲಸ. ಲೇನ್ ಕಿತ್ರ ಇದರಾಗ ಯಾವ್ದೂ ಸರಿ ಆಗಂಗಿಲ್ಲ.

ಈಗ ಇ-ಆರ್‌ಟಿ ಅಂತ, ಟ್ರಾಮ್ ಥರದ ಉದ್ದನ್ನ ಕರೆಂಟ್ ಬಸ್ಸಿನ ಮಾತು ನಡದೈತಿ. ಕರೆಂಟ್ ಬಸ್ ಬರಲಿ, ನನಗೂ ಬೇಕು. ಆದ್ರ ಎಷ್ಟ ದೊಡ್ಡ ಬ್ಯಾಟರಿ ಬಸ್ ತಂದ್ರೂ ಅದನ್ನ ಕಾರು, ಟಂಟಂ, ಲಾರಿ ಜೋಡಿ ಒಂದ ಸಾಲಿನ್ಯಾಗ ನಿಲ್ಲಿಸಿದ್ರ ಹೊತ್ತಿಗೆ ಸರಿಯಾಗಿ ಮುಟ್ಟಂಗಿಲ್ಲ, ಹೊತ್ತಿಗೆ ಮುಟ್ಟದ ಬಸ್ ಬಿಟ್ಟು ಮಂದಿ ಬೈಕ್ ತಗೋತಾರ, ಬಸ್ಸಿನ ಹೊಗಿ ಉಳಿಸಿ ಬೈಕಿನ ಹೊಗಿ ಹೆಚ್ಚಿಗಿ ಮಾಡಿದಂಗಾತು. ಹೊಸಾ ಬಸ್ಸಿಗೂ ಬೇಕಾಗೂದು ಇದ ಲೇನ್.

ಲೇನ್ ಬಗ್ಗೆ ಏನ ನಿರ್ಧಾರ ತಗೊಳ್ಳೂದಿದ್ರೂ ವಿದ್ಯಾನಗರ, ಉಣಕಲ್, ನವನಗರ, ಟೋಲ್ ನಾಕಾ, ಈ ನಾಕ ಕಡೆ ಮಂದಿ ನಿಲ್ಲಿಸಿ ಮೊದಲ ಎಣಿಸ್ರಿ, ಗಾಡಿಗೆ ಒಂದು ಕಾಲಂ, ಒಳಗಿನ ಮಂದಿಗೆ ಇನ್ನೊಂದು. ಕಾಲೇಜ್ ನಡದಿರೂ ದಿನದಾಗ ಎಣಿಸ್ರಿ, ರಜಾದಾಗ ಬ್ಯಾಡ, ಯಾಕಂದ್ರ ನಮ್ಮ ಧಾರವಾಡ ಕಾಲೇಜಿನ ಊರು, ಸೂಟಿಯೊಳಗ ಬಸ್ಸಿನ ಚಿತ್ರಾನ ಬ್ಯಾರೆ ಇರ್ತೈತಿ. ಎಣಿಸಾಕ ಮಂದಿ ಕಡಿಮಿ ಬಿದ್ರ ಮುಂಜಾನಿ ಪಾಳಿಗೆ ನಾ ಬರ್ತೀನಿ. ಇನ್ನ ಯಾರ್ಯಾರು ಬರ್ತೀರಿ, ಮೆಸೇಜ್ ಹಾಕ್ರಿ.