ಚಾರ್ಜರ್ ಕಿತ್ತು ನೋಡಿದ್ರಾ?

ಎರಡು ಸೆಕೆಂಡಿನ ಕೆಲಸ ಕಣ್ರೀ, ಗೋಡೆಯಿಂದ ಟ್ಯಾಬಿನ ಚಾರ್ಜರ್ ಕೀಳೋದು. ಅದೊಂದು ಮಾಡದೆ ನಮ್ಮ ಭಾವ ಚೆನ್ನಾಗಿರೋ ಡಿಜಿಟಲ್ ಪಿಯಾನೋನ ಅರ್ಧ ಬೆಲೆಗೆ ಮಾರೋಕೆ ಹೊರಟಿದ್ರು.

ಅಕ್ಕನ ಮಗಳು ಪಿಯಾನೋ ಗ್ರೇಡ್ ಪರೀಕ್ಷೆಗೆ ಓಡಾಡ್ತಿರೋದು ನಿಮಗೆಲ್ಲ ಗೊತ್ತೇ ಇದೆ, ಅವಳ ವಿಡಿಯೋ ಹಾಕಿ ಹಾಕಿ ನಿಮ್ಮ ತಲೆ ತಿಂದಿದ್ದೀನಿ. 88 ಕೀ ಇರೋ ಪಿಯಾನೋ, ಪುಸ್ತಕ ಇಡೋ ಜಾಗದಲ್ಲಿ ಟ್ಯಾಬ್. ನೋಟೇಶನ್ ಅದರಲ್ಲೇ, ಜೊತೆಗೆ ನುಡಿಸೋ ಟ್ರ್ಯಾಕೂ ಅದರಲ್ಲೇ. ಟ್ಯಾಬಿನ ಹೆಡ್‌ಫೋನ್ ತೂತಿನಿಂದ ಪಿಯಾನೋದ, ಹೊರಗಿನ ಸದ್ದು ಒಳಗೆ ತಗೊಳ್ಳೋ ಆಕ್ಸ್ ಇನ್‌ಗೆ ಒಂದು ವೈರು. ಸಿಕ್ಕಿಸಿದ ತಕ್ಷಣ ಸ್ಪೀಕರಲ್ಲಿ “ಗುಂಯ್ಯ್...” ಅಂತ ಶುರು. ನಿನ್ನೆ ಸಂಜೆ ವಿದ್ಯಾನಗರದ ಅವರ ಮನೆಗೆ ಹೋದಾಗ ಹುಡುಗಿ ಮುಖ ಊದಿಸ್ಕೊಂಡು ಕೂತಿತ್ತು. “ಮಾವ, ಪಿಯಾನೋ ಕೆಟ್ಟೋಗಿದೆಯಂತೆ.”

ಅಂತೆ! ಯಾರು ಹೇಳಿದ್ದು? ಅಂಗಡಿಯವರು. ಬೋರ್ಡ್ ಹೋಗಿದೆ, ಬೆಂಗಳೂರಿಗೆ ಕಳಿಸ್ಬೇಕು ಅಂದ್ರಂತೆ. ಪಕ್ಕದ ಮನೆ ಎಂಜಿನಿಯರ್ ಸಾಹೇಬ್ರು ಟ್ಯಾಬೇ ಸರಿಯಿಲ್ಲ, ಹೊಸದು ತಗೊಳ್ಳಿ ಅಂದ್ರಂತೆ. ಇನ್ಯಾರೋ ಚಿನ್ನದ ಲೇಪ ಇರೋ ಕೇಬಲ್ ತರಿಸಿ ಅಂದ್ರಂತೆ. ಎಲ್ಲರ ಬಾಯಲ್ಲೂ ಒಂದೇ: ತಗೊಳ್ಳಿ, ತರಿಸಿ, ಬದಲಾಯಿಸಿ. ಕಿತ್ತು ನೋಡಿ ಅಂತ ಒಬ್ಬನಾದ್ರೂ ಹೇಳ್ಬೇಕಲ್ಲ!

ನಾನು ಮಾಡಿದ್ದಿಷ್ಟೇ. ಟ್ಯಾಬಿನ ಚಾರ್ಜರ್ ಕಿತ್ತೆ. ಗುಂಯ್ ನಿಂತಿತು. ಮತ್ತೆ ಹಾಕಿದೆ, ಗುಂಯ್. ಕಿತ್ತೆ, ಗುಂಯ್ ಮಾಯ. ಭಾವ ನನ್ನ ಮುಖ ನೋಡಿದ್ರು, ನಾನು ಅವರ ಮುಖ ನೋಡಿದೆ.

ಇದರಲ್ಲಿ ಮಾಟ ಮಂತ್ರ ಏನಿಲ್ಲ. ಟ್ಯಾಬೂ ಕರೆಂಟಿಗೆ ಸೇರಿದೆ, ಪಿಯಾನೋನೂ ಕರೆಂಟಿಗೆ ಸೇರಿದೆ, ಇವೆರಡನ್ನೂ ಮಧ್ಯೆ ಒಂದು ಆಡಿಯೋ ವೈರು ಸೇರಿಸಿದೆ. ಒಂದು ಸುತ್ತು ಪೂರ್ತಿಯಾಯ್ತು. ಗ್ರೌಂಡ್ ಲೂಪ್ ಅಂತಾರೆ. ಚಾರ್ಜರ್ ಒಳಗೆ 230 ವೋಲ್ಟ್ ಕಡೆಗೂ ಟ್ಯಾಬ್ ಕಡೆಗೂ ನಡುವೆ ಪುಟ್ಟ ಕೆಪಾಸಿಟರ್ ಒಂದಿರುತ್ತೆ, ಅದರ ಮೂಲಕ ಚೂರೇ ಚೂರು ಕರೆಂಟ್ ಸೋರುತ್ತೆ. ಚಾರ್ಜಿಗೆ ಹಾಕಿರೋ ಫೋನಿನ ಲೋಹದ ಅಂಚು ಮುಟ್ಟಿದ್ರೆ ಬೆರಳು ಜುಮ್ ಅನ್ನಲ್ವಾ, ಅದೇ. ಆ ಸೋರಿಕೆಗೆ ಆಡಿಯೋ ವೈರಿನ ಹೊರಗಿನ ಹೆಣಿಗೆ ತಂತಿ ದಾರಿಯಾಗುತ್ತೆ. ಹಾಡು ಹೋಗಿಬರೋದೂ ಅದೇ ತಂತಿ ಮೇಲೆ. ಪಿಯಾನೋಗೆ ಯಾವುದು ಹಾಡು, ಯಾವುದು ಸೋರಿಕೆ ಅಂತ ಗೊತ್ತಾಗಲ್ಲ, ಎರಡನ್ನೂ ದೊಡ್ಡದು ಮಾಡಿ ಕೇಳಿಸುತ್ತೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್, ಹಾಗಾಗಿ ಅದೂ ಅದರ ದುಪ್ಪಟ್ಟು ನೂರೂ ಸೇರಿ ಆ ದಪ್ಪ ಗುಂಯ್. ಟ್ಯಾಬ್ ಬ್ಯಾಟರಿ ಮೇಲಿದ್ರೆ ಸುತ್ತು ಮುರೀತು, ಮುಗೀತು. ಪಿಯಾನೋದ್ದೂ ತಪ್ಪಿಲ್ಲ, ಟ್ಯಾಬಿನದ್ದೂ ತಪ್ಪಿಲ್ಲ.

ಸಾಲಗಾಮೆ ರಸ್ತೆಯಲ್ಲಿರೋ ಇಸ್ರೋ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಲ್ಲಿ ಕೂತು 1982ರಿಂದ ಸುಮಾರು 36,000 ಕಿಲೋಮೀಟರ್ ಮೇಲಿರೋ ಉಪಗ್ರಹಗಳ ಜೊತೆ ಮಾತಾಡ್ತಿರೋ ಊರು ನಮ್ಮ ಹಾಸನ. ಒಂದು ಮೀಟರ್ ವೈರಿನ ಗುಂಯ್‌ಗೆ ಪಿಯಾನೋ ಬೆಂಗಳೂರಿನ ಬಸ್ ಹತ್ತಬೇಕಂತೆ!

ಚಾರ್ಜರ್ ಕಿತ್ತ ಮೇಲೂ ಸ್ವಲ್ಪ ಕಿರಿಕಿರಿ ಉಳಿದಿತ್ತು. ಸಣ್ಣಗೆ “ಕಿರ್ರ್”, ಟ್ಯಾಬಿನಲ್ಲಿ ಪುಟ ತಿರುಗಿಸಿದ್ರೆ ಅದರ ಶ್ರುತಿಯೂ ತಿರುಗ್ತಿತ್ತು. ನೋಡಿದ್ರೆ ಹುಡುಗಿ ಆಕ್ಸ್ ವೈರಿನ ಜೊತೆಗೆ ಯುಎಸ್‌ಬಿ ವೈರನ್ನೂ ಹಾಕಿದ್ದಾಳೆ, ಕಲಿಸೋ ಆ್ಯಪ್‌ಗೆ ಯಾವ ಕೀ ಒತ್ತಿದೆ ಅಂತ ಗೊತ್ತಾಗ್ಬೇಕಲ್ಲ, ಅದಕ್ಕೆ. ಗೋಡೆಯ ಹಂಗೇ ಇಲ್ಲದೆ ಎರಡು ವೈರೇ ಸೇರಿ ಒಂದು ಸುತ್ತು ಮಾಡ್ಕೊಂಡಿದ್ವು, ಟ್ಯಾಬ್ ಒಳಗಿನ ಗದ್ದಲ ಅದರ ಮೇಲೆ ಸವಾರಿ. ಅವರ ಪಿಯಾನೋಗೆ ಬ್ಲೂಟೂತ್ ಮಿಡಿ ಇದೆ (ಮಿಡಿ ಅಂದ್ರೆ ಸದ್ದಲ್ಲ, ಯಾವ ಕೀ ಒತ್ತಿದೆ ಅನ್ನೋ ಸುದ್ದಿ ಮಾತ್ರ), ಯುಎಸ್‌ಬಿ ತೆಗೆಸಿ ಅದನ್ನ ಜೋಡಿಸಿದೆ. ಕಿರ್ರೂ ಹೋಯ್ತು. ಅದಿಲ್ಲದಿದ್ರೆ, ಯುಎಸ್‌ಬಿಯಲ್ಲೇ ಆಡಿಯೋನೂ ಹೋಗೋ ಮಾಡೆಲ್ ಆದ್ರೆ, ಆಕ್ಸ್ ವೈರನ್ನೇ ತೆಗೆದು ಬಿಸಾಕಬಹುದು. ಕೆಲವು ಪಿಯಾನೋ ಯುಎಸ್‌ಬಿಯಲ್ಲಿ ಬರೀ ಮಿಡಿ ತಗೊಳ್ಳುತ್ತೆ, ಆಡಿಯೋ ತಗೊಳ್ಳಲ್ಲ. ಮ್ಯಾನುಯಲ್ ನೋಡಿ. ಅದನ್ನ ಯಾರೂ ನೋಡಲ್ಲ, ಗೊತ್ತು.

“ಸ್ಸ್ಸ್” ಅಂತ ಬರೀ ಗಾಳಿ ಸದ್ದು ಬಂದ್ರೆ ಅದು ವಾಲ್ಯೂಮಿನ ಕಥೆ: ಟ್ಯಾಬಿನಲ್ಲಿ ಕಮ್ಮಿ ಇಟ್ಟು ಪಿಯಾನೋದಲ್ಲಿ ಜಾಸ್ತಿ ಮಾಡಿರ್ತೀರಿ. ಉಲ್ಟಾ ಮಾಡಿ. ಕರೆಂಟ್ ಹೋಗಿ ಯುಪಿಎಸ್ ಮೇಲೆ ಬಂದಾಗ ಮಾತ್ರ ಗುರ್ ಅಂದ್ರೆ ಅದು ಕರೆಂಟಿನ ಅಲೆ ನಯವಾಗಿ ಕೊಡದ ಹಳೇ ಸ್ಕ್ವೇರ್ ವೇವ್ ಯುಪಿಎಸ್ ಇರುತ್ತೆ, ಫ್ಯಾನೂ ಜೊತೆಗೆ ಗುರ್ ಅಂತಿರುತ್ತೆ.

ಈಗ ನನಗೆ ನಿಜವಾಗ್ಲೂ ಸಿಟ್ಟು ಬಂದಿದ್ದು ಯಾವುದಕ್ಕೆ ಗೊತ್ತಾ? ಹಾಲ್‌ನಲ್ಲಿರೋ ಆಂಪ್ಲಿಫೈಯರ್‌ಗೆ ಪಿಯಾನೋ ಕೊಟ್ಟಾಗಲೂ ಗುಂಯ್ ಬಂತಂತೆ, ಅದಕ್ಕೆ ಯಾರೋ ಪುಣ್ಯಾತ್ಮ “ಮೂರು ಪಿನ್ನಿನಲ್ಲಿ ಮೇಲಿನ ದಪ್ಪ ಪಿನ್ ಮುರಿದು ಹಾಕಿ ಸಾರ್, ಹೋಗುತ್ತೆ” ಅಂತ ಹೇಳಿದ್ದಾನೆ. ಹೋಗುತ್ತೆ, ಹೌದು. ಮುಂದೊಂದು ದಿನ ಆಂಪ್ಲಿಫೈಯರ್ ಒಳಗೆ ತಂತಿ ಸಡಿಲಾಗಿ ಡಬ್ಬಿಗೆ ತಾಗಿದ್ರೆ ಮುಟ್ಟಿದವರೂ ಹೋಗ್ತಾರೆ. ಆ ದಪ್ಪ ಪಿನ್ನು ಅರ್ಥ್, ಡಬ್ಬಿಗೆ ಬಂದ ಕರೆಂಟನ್ನ ಭೂಮಿಗೆ ಇಳಿಸೋಕೆ ಇರೋದು, ಅಂದಕ್ಕಲ್ಲ. ಮಕ್ಕಳು ಕೈ ಇಡೋ ಜಾಗದಲ್ಲಿ ಇಂಥ ಬುದ್ಧಿ ಹೇಳ್ತಾರಲ್ಲ, ಇವರಿಗೆ ಏನನ್ನೋಣ. ಅರಕಲಗೂಡು, ಬೇಲೂರು ಅಂತ ಆರ್ಕೆಸ್ಟ್ರಾ ಜೊತೆ ಕೀಬೋರ್ಡ್ ಹೊತ್ತು ತಿರುಗೋವಾಗ ಮುರಿದ ಪಿನ್ನಿನ ಎಕ್ಸ್‌ಟೆನ್ಶನ್ ಬೋರ್ಡುಗಳ ಮೇಲೇ ನಮ್ಮ ಜೀವ ಇರ್ತಿತ್ತು, ಮಳೇಲಿ ನೆನೆದ ಸ್ಟೇಜು ಬೇರೆ. ಅದನ್ನ ನೆನೆಸ್ಕೊಂಡ್ರೆ ಈಗಲೂ ಬೆನ್ನು ಬೆವರುತ್ತೆ.

“ಬ್ಲೂಟೂತಲ್ಲೇ ಹಾಡು ಹಾಕ್ಬಿಟ್ರೆ ವೈರೇ ಬೇಡ ಅಲ್ವಾ?” ಅಂತ ಕಾಮೆಂಟ್ ಮಾಡೋಕೆ ಬೆರಳು ತುರಿಸ್ತಿರುತ್ತೆ ನಿಮಗೆ. ಟ್ರ್ಯಾಕ್ ಕೇಳ್ಕೊಂಡು ನುಡಿಸೋಕೆ ಸರಿ, ಒಪ್ಪಿದೆ. ಆದ್ರೆ ಆ್ಯಪ್ ಒಳಗಿನ ವೀಣೆ, ಆರ್ಗನ್ ಸದ್ದಲ್ಲಿ ನುಡಿಸ್ತೀನಿ ಅಂದ್ರೆ ಬ್ಲೂಟೂತ್ ಆಡಿಯೋ ಸೆಕೆಂಡಿನ ಹತ್ತನೇ ಒಂದು ಭಾಗವೋ, ಅದಕ್ಕಿಂತ ಹೆಚ್ಚೋ ತಡ. ಕೀ ಒತ್ತಿದ ಮೇಲೆ ಸ್ವರ ಮದುವೆಗೆ ಬರೋ ದೂರದ ನೆಂಟರ ಥರ ನಿಧಾನಕ್ಕೆ ಬರುತ್ತೆ. ಚಾರ್ಜ್ ಮಾಡ್ತಾನೇ ನುಡಿಸ್ಬೇಕು ಅನ್ನೋರಿಗೆ ಗ್ರೌಂಡ್ ಲೂಪ್ ಐಸೋಲೇಟರ್ ಅಂತ ಬೆರಳುದ್ದದ ಡಬ್ಬಿ ಸಿಗುತ್ತೆ, ಕಾರ್ ಸ್ಟೀರಿಯೋದವರು ಹಾಕ್ತಾರೆ, ಕೆಲವು ನೂರು ರೂಪಾಯಿ. ಒಳಗೆ ಪುಟಾಣಿ ಟ್ರಾನ್ಸ್‌ಫಾರ್ಮರ್, ತಂತಿಗೆ ತಂತಿ ತಾಗದೆ ಹಾಡು ದಾಟುತ್ತೆ. ಅಗ್ಗದ್ದು ಬೇಸ್, ಅಂದ್ರೆ ದಪ್ಪ ಸ್ವರ, ಸ್ವಲ್ಪ ತಿನ್ನುತ್ತೆ, ಪರವಾಗಿಲ್ಲ. ಆದ್ರೆ ಅದನ್ನೂ ತಗೊಳ್ಳೋ ಮುಂಚೆ, ದಯವಿಟ್ಟು, ಚಾರ್ಜರ್ ಕಿತ್ತು ನೋಡಿ.

ಇನ್ನೊಂದು ವಿಷಯ, ಅಕ್ಕ ಫೇಸ್‌ಬುಕ್ ನೋಡಲ್ಲ ಅನ್ನೋ ಧೈರ್ಯದಲ್ಲಿ ಬರೀತಿದ್ದೀನಿ. ಭಾವ ಅರ್ಧ ಬೆಲೆ ಅಂದಾಗ ಒಂದು ಕ್ಷಣ ಬಾಯಿ ಮುಚ್ಕೊಂಡು ನಾನೇ ತಗೊಂಡ್ಬಿಡ್ಲಾ ಅನ್ನಿಸ್ತು. ಕೀ ಎಷ್ಟು ಚೆನ್ನಾಗಿ ಭಾರ ಇದೆ ಗೊತ್ತಾ ಅದರಲ್ಲಿ! ನನ್ನ ಕೀಬೋರ್ಡಿನ ಕೀ ಒತ್ತಿದ್ರೆ ಪ್ಲಾಸ್ಟಿಕ್ ಟಕ್ ಅನ್ನುತ್ತೆ. ಹುಡುಗಿಯ ಮುಖ ನೋಡಿ ಮನಸ್ಸು ಬರ್ಲಿಲ್ಲ.

ಅಂಗಡಿಯವರು ಚೆಕಿಂಗ್ ಚಾರ್ಜ್ ಅಂತ ಎಷ್ಟು ಇಸ್ಕೊಂಡ್ರು ಅನ್ನೋದನ್ನ ಭಾವ ಹೇಳ್ತಿಲ್ಲ. ನಾನೂ ಕೇಳ್ಲಿಲ್ಲ. ಅಕ್ಕ ಕೇಳ್ತಾಳೆ.